ಎರಡು ಬೆರಳಿನ ಸಂದು

ಬೆಳಗಿನ ಐದೂಕಾಲು ಗಂಟೆ. ಮೆರ್ಬಾಬು ಬೆಟ್ಟದಿಂದ ಇಳಿದ ಮಂಜು ಸಲಾಟಿಗಾ ಪೇಟೆಯ ಮೇಲೆ ಇನ್ನೂ ಹಾಗೇ ಕೂತಿದೆ. ನಮಾಜು ಮುಗಿಸಿ ಮರಳುವವರ ಚಪ್ಪಲಿ ಸದ್ದು ಬಿಟ್ಟರೆ ಓಣಿ ತಣ್ಣಗಿದೆ. ತಗಡು ಹೊದಿಸಿದ ಗ್ಯಾರೇಜಿನೊಳಗೆ ಲಾಸ್ಮಿನಿ ಕುಕ್ಕರಗಾಲಲ್ಲಿ ಕೂತು, ಬೂದು ಬಣ್ಣದ ಪುಟ್ಟ ಕಾರಿನ ಚಕ್ರದ ನಟ್ಟನಡುವಿಗೆ ಟೇಪಿನ ತುದಿ ಒತ್ತಿ ಹಿಡಿದಿದ್ದಾರೆ. ಟೇಪು ಅಲ್ಲಿಂದ ನೆಟ್ಟಗೆ ಮೇಲೆ, ಮಡ್‌ಗಾರ್ಡಿನ ಅಂಚಿಗೆ ಹೋಗುತ್ತದೆ. ಉಸಿರು ಬಿಗಿಹಿಡಿದು ಓದುತ್ತಾರೆ.

“ಮುನ್ನೂರ ನಲವತ್ತೊಂದು.”

“ನಲವತ್ತೊಂದು,” ಎಂದು ಕಾರಿನ ಆಚೆ ಬದಿಯಿಂದ ಗಂಡಸಿನ ದನಿ ಮರುನುಡಿಯುತ್ತದೆ. ಕಾಗದದ ಮೇಲೆ ಪೆನ್ಸಿಲು ಸರಿಯುತ್ತದೆ. ಲಾಸ್ಮಿನಿ ಬಾಗಿಲಿಗೆ ಕೈಯೂರದೆ, ನೆಲಕ್ಕೆ ಕೈಯೂರಿ ಏಳುತ್ತಾರೆ. ಬಾಗಿಲಿಗೆ ಕೈ ಊರಿದರೆ ಕಾರು ಒಂದು ಮಿಲಿಮೀಟರಾದರೂ ಕುಗ್ಗೀತು ಎಂಬ ಅಂಜಿಕೆ. ಮಂಡಿ ನೀವಿಕೊಂಡು ಮುಂದಿನ ಚಕ್ರಕ್ಕೆ ಹೋಗುತ್ತಾರೆ.

ನಿನ್ನೆ ಸಂಜೆ ಸ್ಪ್ರಿಂಗ್ ಬದಲಾಯಿಸಿದ ಕಾರು ಇದು. ಪೇಟೆ ಒಂದು ಸುತ್ತು ಹೊಡೆಸಿ ತಂದು ನಿಲ್ಲಿಸಿದ ಮೇಲೆ ಇದನ್ನು ಯಾರೂ ಮುಟ್ಟಿಲ್ಲ. “ಹೊಸ ಸ್ಪ್ರಿಂಗ್ ಹಾಕಿದ ಕೂಡ್ಲೇ ಅಳೆದ್ರೆ ಅದು ಸುಳ್ಳು ಹೇಳತ್ತೆ,” ಎನ್ನುತ್ತಾರೆ ಲಾಸ್ಮಿನಿ. “ಹೊಸ ಮನೆಗೆ ಬಂದ ಸೊಸೆ ಹಾಗೆ, ಮೊದಲ ದಿನ ಸೆಟೆದುಕೊಂಡೇ ಇರತ್ತೆ. ಒಂದು ರಾತ್ರಿ ಕಳೀಲಿ, ಆಮೇಲೆ ತನ್ನ ಜಾಗ ತಾನೇ ನೋಡ್ಕೊಳತ್ತೆ.”

ನಾಲ್ಕೂ ಚಕ್ರದ ಅಳತೆ ಬರೆದಾದ ಮೇಲೆ ಟೇಪು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಬಲಗೈಯ ಎರಡು ಬೆರಳು ಜೋಡಿಸಿ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿನಲ್ಲಿ ತೂರಿಸಿ ನೋಡುತ್ತಾರೆ. ಬೆರಳು ಸಲೀಸಾಗಿ ಹೋಗುತ್ತವೆ, ಮೂರನೆಯದಕ್ಕೆ ಜಾಗವಿಲ್ಲ. “ಟೇಪು ನನಗೆ, ಬೆರಳು ಗಿರಾಕಿಗೆ. ಹುಡುಗ್ರು ಮಿಲಿಮೀಟರ್ ಲೆಕ್ಕ ಕೇಳಲ್ಲ. ‘ಬು, ಎಷ್ಟು ಬೆರಳು?’ ಅಂತಾನೇ ಕೇಳೋದು.”

ಕಾರು ತಗ್ಗಿಸುವುದು ಲಾಸ್ಮಿನಿಯ ಕಸುಬು. ವಯಸ್ಸು ಐವತ್ಮೂರು. ಕಂಪನಿ ಕೊಟ್ಟ ಎತ್ತರದಲ್ಲಿ ಕಾರು ಓಡಿಸುವುದು ಎಂದರೆ ಇನ್ನೊಬ್ಬರ ಅಂಗಿ ತೊಟ್ಟು ತಿರುಗಿದಂತೆ ಎಂದು ನಂಬುವ ಹುಡುಗರು ಮಧ್ಯ ಜಾವಾದ ಈ ಗುಡ್ಡದ ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ಅವರ ಕಾರುಗಳು ನೆಲಕ್ಕೆ ಕಿವಿಗೊಟ್ಟು ಹರಿದಾಡುತ್ತವೆ. ಭಾನುವಾರ ಮೈದಾನದಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತವೆ. ಫೋಟೋದ ಕೆಳಗೆ ಮಾಲೀಕನ ಹೆಸರಿರುತ್ತದೆ, ಬಣ್ಣ ಹೊಡೆದವನ ಹೆಸರಿರುತ್ತದೆ, ಚಕ್ರ ಮಾರಿದ ಅಂಗಡಿಯ ಹೆಸರೂ ಇರುತ್ತದೆ. ಸ್ಪ್ರಿಂಗ್ ಯಾರ ಕಣ್ಣಿಗೂ ಬೀಳುವುದಿಲ್ಲ, ಅದನ್ನು ಆರಿಸಿದವಳೂ ಅಷ್ಟೆ. ಸ್ಪ್ರಿಂಗಿಗೆ ಇಲ್ಲಿಯ ಮಾತಿನಲ್ಲಿ ‘ಪೇರ್’. ಹುಡುಗರು ತಮ್ಮೊಳಗೆ ಅವರನ್ನು ‘ಬು ಪೇರ್’ ಎಂದು ಕರೆಯುತ್ತಾರೆ. ‘ಬು’ ಎಂದರೆ ಅಮ್ಮ, ಸ್ಪ್ರಿಂಗಮ್ಮ ಎಂದಂತೆ. ನಿಜವಾದ ಹೆಸರು ಅರ್ಧಕ್ಕರ್ಧ ಜನಕ್ಕೆ ಗೊತ್ತಿಲ್ಲ.

ಗ್ಯಾರೇಜಿನ ಹಿಂಗೋಡೆಗೆ ಬಿದಿರಿನ ಅಟ್ಟಣಿಗೆ. ಅದರ ಮೇಲೆ ಇನ್ನೂರ ಮೂವತ್ತಾರು ಜೊತೆ ಸ್ಪ್ರಿಂಗುಗಳು. ಹಳೇ ಕಾರುಗಳಿಂದ ಬಿಚ್ಚಿದ್ದು, ಗುಜರಿಯಿಂದ ತಂದದ್ದು, ಹೊಸದಾಗಿ ತರಿಸಿದ್ದು. ಒಂದೊಂದಕ್ಕೂ ಬಟ್ಟೆಯ ಚೀಟಿ ಹೊಲಿದು ಕಟ್ಟಿದೆ. ತಂತಿಯ ದಪ್ಪ, ಸುತ್ತುಗಳೆಷ್ಟು, ಭಾರವಿಲ್ಲದಾಗ ಎಷ್ಟುದ್ದ, ಐವತ್ತು ಕೇಜಿ ಹೇರಿದರೆ ಎಷ್ಟು ಕುಗ್ಗುತ್ತದೆ, ಎಲ್ಲ ಅದರ ಮೇಲಿದೆ. ವಾರಕ್ಕೆ ಐದು ಕಾರು, ಆರನೆಯದು ಬಂದರೆ ಮುಂದಿನ ವಾರಕ್ಕೆ. ಹತ್ತೊಂಬತ್ತು ವರ್ಷಗಳ ಅಳತೆ ಏಳು ಪುಸ್ತಕಗಳಲ್ಲಿದೆ.

ಪೆನ್ಸಿಲು ಹಿಡಿದು ಆಚೆ ಬದಿಯಲ್ಲಿ ನಿಂತವರು ಅವರ ಗಂಡ ಟುಕಿಜಾನ್. ಅರವತ್ತು ದಾಟಿದ ತೆಳ್ಳನೆಯ ಆಳು, ಮಾತು ಕಡಿಮೆ. ನಟ್ಟು ಬಿಚ್ಚುವುದು, ಜಾಕ್ ಏರಿಸುವುದು, ಶಾಕ್ ಅಬ್ಸಾರ್ಬರ್ ಕೂರಿಸುವುದು ಎಲ್ಲ ಅವರದೇ. ಅವರು ಮಾಡದ ಕೆಲಸ ಒಂದೇ. ಯಾವ ಕಾರು ಎಷ್ಟು ತಗ್ಗಬೇಕು ಎಂದು ಅವರು ಹೇಳುವುದಿಲ್ಲ. ಯಾರಾದರೂ ಹೊಸಬರು ಗೊತ್ತಿಲ್ಲದೆ ಅವರನ್ನೇ ಕೇಳಿದರೆ ಗದ್ದ ಎತ್ತಿ ಹೆಂಡತಿಯ ಕಡೆ ತೋರಿಸುತ್ತಾರೆ.

ಮೊದಲು ಹೀಗಿರಲಿಲ್ಲ. ಆಗ ಗ್ಯಾರೇಜು ಟುಕಿಜಾನ್ ಒಬ್ಬರದೇ. ಲಾಸ್ಮಿನಿ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಮದುವೆ ಹೆಣ್ಣುಗಳಿಗೆ ಕೆಬಾಯಾ ಎಂಬ ಮೈಗಂಟುವ ಕುಪ್ಪಸ ಹೊಲಿಯುತ್ತಿದ್ದರು. ಆ ಕಾಲಕ್ಕೆ ಕಾರು ತಗ್ಗಿಸುವುದು ಎಂದರೆ ಎರಡೇ ದಾರಿ. ಗ್ರೈಂಡರಿನಿಂದ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿ ಎಸೆಯುವುದು, ಇಲ್ಲವೇ ಗ್ಯಾಸ್ ಬೆಂಕಿ ಹಿಡಿದು ಸ್ಪ್ರಿಂಗ್ ಕೆಂಪಗಾಗಿ ತಾನೇ ಕುಸಿಯುವವರೆಗೆ ಕಾಯಿಸುವುದು. ಟುಕಿಜಾನ್ ಕಾಯಿಸುವುದರಲ್ಲಿ ಪಳಗಿದ ಕೈ. ಅರ್ಧ ಗಂಟೆಯಲ್ಲಿ ಕಾರು ಕೆಳಗೆ, ಗಿರಾಕಿ ಖುಷಿ.

ಹಾಗೆ ಖುಷಿಯಾಗಿ ಹೋದವರಲ್ಲಿ ಒಬ್ಬರು ರುಸ್ದಿ. ಗಮೆಲಾನ್ ವಾದ್ಯಮೇಳದಲ್ಲಿ ರೆಬಾಬ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಕಲಾವಿದರು. ಮೂರು ತಿಂಗಳ ಮೇಲೆ ಕೊಪೆಂಗ್ ಇಳಿಜಾರಿನಲ್ಲಿ ಅವರ ಕಾರಿನ ಮುಂದಿನ ಎಡ ಸ್ಪ್ರಿಂಗ್ ತುಂಡಾಯಿತು. ತುಂಡು ಟೈರನ್ನು ಸೀಳಿತು, ಕಾರು ಮೋರಿಗೆ ಹೋಗಿ ಬಿತ್ತು. ಜೀವ ಉಳಿಯಿತು, ಆದರೆ ಬಲಗೈಯ ಮಣಿಕಟ್ಟು ನುಚ್ಚುನೂರು. ಕಮಾನು ಎಳೆಯುವ ಕೈ ಅದು.

ಇಪ್ಪತ್ತು ದಿನದ ಮೇಲೆ ರುಸ್ದಿ ಗ್ಯಾರೇಜಿಗೆ ಬಂದರು. ಕೈಗೆ ಪಟ್ಟಿ. ಲಾಸ್ಮಿನಿ ಬಾಗಿಲ ಹಿಂದೆ ನಿಂತು, ಈಗ ಬೈಗುಳ ಶುರುವಾಗುತ್ತದೆ, ಪೊಲೀಸರ ಹೆಸರು ಬರುತ್ತದೆ ಎಂದು ಕಾದರು. ರುಸ್ದಿ ಬೆಂಚಿನ ಮೇಲೆ ಕೂತು ಚಹಾ ಕುಡಿದರು. “ಪಾಕ್ ಟುಕಿಜಾನ್, ಇನ್ನೊಬ್ಬರಿಗೆ ಹೀಗೆ ಮಾಡ್ಬೇಡಿ. ಅಷ್ಟು ಹೇಳಿ ಹೋಗೋಣ ಅಂತ ಬಂದೆ,” ಎಂದರು. ಲೋಟ ಕೆಳಗಿಟ್ಟು ಎದ್ದು ಹೋದರು.

“ಬೈದಿದ್ರೆ ಚೆನ್ನಾಗಿತ್ತು,” ಎನ್ನುತ್ತಾರೆ ಲಾಸ್ಮಿನಿ. “ಬೈಸ್ಕೊಂಡಿದ್ರೆ ನಮ್ಮನೆಯವರು ಒಂದು ವಾರದಲ್ಲಿ ಸರಿಹೋಗ್ತಿದ್ರು.”

ಟುಕಿಜಾನ್ ಮರುದಿನವೇ ಬಾಗಿಲು ಎಳೆದರು. ಎಂಟು ತಿಂಗಳು ತೋಫು ಮಾಡುವ ಕಡೆ ಸೋಯಾ ಬೀಸುವ ಕೆಲಸಕ್ಕೆ ಹೋದರು. ಮನೆ ನಡೆದದ್ದು ಹೊಲಿಗೆ ಯಂತ್ರದಿಂದ. ಆದರೆ ಮುಚ್ಚಿದ ಬಾಗಿಲ ಮುಂದೆ ಕಾರುಗಳು ಬಂದು ನಿಲ್ಲುವುದು ನಿಲ್ಲಲಿಲ್ಲ. ಇಲ್ಲಿ ಇಲ್ಲವೆಂದು ತಿಳಿದು ಆ ಹುಡುಗರು ಇನ್ನೊಂದು ಓಣಿಗೆ ಹೋಗಿ, ಇನ್ನೊಬ್ಬರ ಬೆಂಕಿಗೆ ಸ್ಪ್ರಿಂಗ್ ಒಡ್ಡುತ್ತಿದ್ದರು. ಲಾಸ್ಮಿನಿ ಕಿಟಕಿಯಲ್ಲಿ ಕೂತು ಅದನ್ನು ನೋಡಿದರು. ಒಂದು ದಿನ ಗಂಡ ಕೆಲಸಕ್ಕೆ ಹೋದ ಮೇಲೆ ಗ್ಯಾರೇಜಿನ ಬೀಗ ತೆಗೆದು, ಮೂಲೆಯಲ್ಲಿ ಬಿದ್ದಿದ್ದ ಸ್ಪ್ರಿಂಗುಗಳನ್ನು ಒಂದೊಂದಾಗಿ ಎತ್ತಿ ಹೊಲಿಗೆಯ ಟೇಪಿನಿಂದ ಅಳೆಯಲು ಕೂತರು.

“ನನಗೆ ಕಾರು ಗೊತ್ತಿರ್ಲಿಲ್ಲ, ಅಳತೆ ಗೊತ್ತಿತ್ತು. ಕೆಬಾಯಾ ಹೊಲಿಯೋವಾಗ ಹುಡುಗಿ ನಿಂತಾಗ ಅಳೆದ್ರೆ ಸಾಲ್ದು. ಕೂರಿಸಿ ಅಳೀಬೇಕು, ಉಸಿರೆಳ್ಕೊಂಡಾಗ ಅಳೀಬೇಕು. ಇಲ್ದಿದ್ರೆ ಊಟಕ್ಕೆ ಕೂತಾಗ ಹೊಲಿಗೆ ಬಿಟ್ಕೊಳತ್ತೆ. ಕಾರೂ ಹಾಗೇ ಅಲ್ವಾ? ಖಾಲಿ ನಿಂತಾಗ ಚೆಂದ ಕಂಡ್ರೆ ಏನ್ ಬಂತು? ಅಪ್ಪ, ಅಮ್ಮ, ಅಜ್ಜಿ, ಒಂದು ಮೂಟೆ ಅಕ್ಕಿ, ಎಲ್ಲ ಕೂತ ಮೇಲೆ ಅದಕ್ಕೆ ಉಸಿರಾಡೋಕೆ ಜಾಗ ಇರ್ಬೇಕು.”

ಕತ್ತರಿಸದೆ, ಕಾಯಿಸದೆ, ಸರಿಯಾದ ಸ್ಪ್ರಿಂಗನ್ನೇ ಹುಡುಕಿ ಹಾಕಬಹುದೆಂದು ಅವರು ಕಂಡುಕೊಂಡಿದ್ದು ಆ ಅಳತೆಗಳಿಂದಲೇ. ಒಂದು ಕಾರಿನ ಗಿಡ್ಡ ಗಟ್ಟಿ ಸ್ಪ್ರಿಂಗು ಇನ್ನೊಂದಕ್ಕೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಗಂಡನಿಗೆ ಹೇಳಿದ ಮೇಲೂ ಅವರು ಮೂರು ದಿನ ಸೋಯಾ ಬೀಸಲು ಹೋದರು. ನಾಲ್ಕನೆಯ ದಿನ, “ಬೂನೆ, ನಟ್ಟು ನಾನು ತಿರುಗಿಸ್ತೀನಿ. ಎಷ್ಟು ಅಂತ ನೀನು ಹೇಳು. ನನ್ನ ಬಾಯಲ್ಲಿ ಆ ಮಾತು ಬರಲ್ಲ,” ಎಂದರು. ಗಂಡ ಹೆಂಡತಿಯನ್ನು ಬೂನೆ ಎಂದೂ ಹೆಂಡತಿ ಗಂಡನನ್ನು ಪಾಕ್‌ನೆ ಎಂದೂ ಕರೆಯುವುದು ಇಲ್ಲಿಯ ಹಳೇ ಜೋಡಿಗಳ ವಾಡಿಕೆ. ಅಂದಿನಿಂದ ಹೇಳುವುದು ಬೂನೆ, ಮಾಡುವುದು ಪಾಕ್‌ನೆ.

ಹೇಳುವ ಮೊದಲು ಬೂನೆ ಕೇಳುವುದು ಬಹಳ. ದಿನಾ ಓಡಿಸೋ ದಾರಿ ಯಾವುದು? ಅದರಲ್ಲಿ ಹಂಪ್ ಎಷ್ಟು? ಮನೆ ಗೇಟಿನ ಮುಂದೆ ಏರಿದೆಯಾ? ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? ಅವರ ಸೊಂಟ ಹೇಗಿದೆ? ಕೊನೆಗೆ, “ಅವರನ್ನೆಲ್ಲ ಒಂದ್ಸಲ ಕರ್ಕೊಂಡು ಬಾ.” ಇದನ್ನು ಕೇಳಿ ನಕ್ಕು ಎದ್ದು ಹೋದವರು ಎಷ್ಟೋ ಮಂದಿ. ಕೆಲವು ತಿಂಗಳ ಹಿಂದೆ ಬಂದ ಗಾಲಿಹ್ ಅವರಲ್ಲೊಬ್ಬ.

ಗಾಲಿಹ್ ಇಪ್ಪತ್ತೇಳರ ಹುಡುಗ, ಬ್ಯಾನರ್ ಅಚ್ಚು ಹಾಕುವ ಅಂಗಡಿಯಲ್ಲಿ ಕೆಲಸ. ತೀರಿಹೋದ ಚಿಕ್ಕಪ್ಪನ ಬಿಳಿ ಸೆಡಾನ್ ಅವನ ಪಾಲಿಗೆ ಬಂದಿದೆ. ಕಾರಿಗೆ ಮೂವತ್ತು ವರ್ಷ, ಅವನಿಗಿಂತ ಹಿರಿದು. ಕೊಪೆಂಗ್ ದಾರಿಯ ಮೇಲಿನ ಹಳ್ಳಿಯ, ರಾತ್ರಿ ಎಂಬ ಹೆಸರಿನ ಹುಡುಗಿಯ ಜೊತೆ ಮದುವೆ ನಿಶ್ಚಯವಾಗಿತ್ತು. ಗೆಳೆಯರ ಕ್ಲಬ್ಬಿನ ಹದಿನಾರು ಕಾರುಗಳು ದಿಬ್ಬಣ ಹೊರಡಬೇಕು, ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಕೆಳಗೆ ಮದುಮಗನ ಬಿಳಿ ಕಾರು ಹೋಗಬೇಕು. ಅದು ಅವನ ಆಸೆ.

“ಒಂದು ಬೆರಳೂ ಹೋಗ್ಬಾರ್ದು ಬು. ಟೈರು ಮಡ್‌ಗಾರ್ಡಿನ ಒಳಗೆ ಅಡಗಿರ್ಬೇಕು,” ಎಂದ.

ಲಾಸ್ಮಿನಿ ಪುಸ್ತಕ ತೆಗೆದು ಪ್ರಶ್ನೆ ಶುರು ಮಾಡಿದರು. ಹಂಪ್ ಎಷ್ಟು ಎಂಬಲ್ಲಿಗೆ ಅವನು ಕಾಲು ಬದಲಿಸಿ ನಿಂತ. ದಿಬ್ಬಣದಲ್ಲಿ ಹಿಂದೆ ಯಾರು ಕೂರುತ್ತಾರೆ ಎಂಬಲ್ಲಿಗೆ ತಾಳ್ಮೆ ಮುಗಿಯಿತು.

“ನಾನು ಕಾರು ಇಳಿಸೋಕೆ ಬಂದೆ ಬು, ಜನಗಣತಿಗಲ್ಲ!”

“ಕಾರಲ್ಲಿ ಕೂರೋದು ಜನಾನೇ ಅಲ್ವಾ ಮಾಸ್? ಇಲ್ಲಾಂದ್ರೆ ಹೇಳು, ಇವತ್ತೇ ನೆಲಕ್ಕೆ ಅಂಟಿಸಿಕೊಡ್ತೀನಿ.” ಮಾಸ್ ಎಂದರೆ ಅಣ್ಣ, ಹುಡುಗರನ್ನು ಕರೆಯುವ ಮಾತು.

ಅವನು ನಕ್ಕು, ಯೋಚಿಸಿ ಬರುತ್ತೇನೆ ಎಂದು ಹೋದ. ಬರಲಿಲ್ಲ. ಆಚೆ ಊರಿನ ಒಂದು ಗ್ಯಾರೇಜಿನಲ್ಲಿ ಸ್ಪ್ರಿಂಗಿನ ಎರಡೂವರೆ ಸುತ್ತು ಕತ್ತರಿಸಿಕೊಟ್ಟರು. ಎರಡನೆಯ ಭಾನುವಾರ ಮೈದಾನದಲ್ಲಿ ಬಿಳಿ ಕಾರಿನ ಫೋಟೋಗೆ ಹುಡುಗರು ಮುಗಿಬಿದ್ದರಂತೆ.

ಮದುವೆಗೆ ಹನ್ನೊಂದು ದಿನವಿದೆ ಎನ್ನುವಾಗ ಗಾಲಿಹ್ ಮತ್ತೆ ಬಂದ. ಕಾರು ಬರುವ ಮೊದಲೇ ಅದರ ಸದ್ದು ಬಂತು, ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದಂತೆ. ಹಿಂದಿನ ಸೀಟು ಖಾಲಿ. ಅವನ ಹಿಂದೆಯೇ ಪಕ್ಕದ ಮನೆಯವರ ಬೈಕಿನ ಮೇಲೆ, ಸಾರೋಂಗನ್ನು ಮಂಡಿಯವರೆಗೆ ಎತ್ತಿ ಕಟ್ಟಿ, ಎಂಬತ್ತೊಂದು ವರ್ಷದ ಮುದುಕಿ ಬಂದಿಳಿದರು. ಅಪ್ಪ ಅಮ್ಮ ಇಲ್ಲದ ಗಾಲಿಹ್‌ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಜ್ಜಿ. ಊರೆಲ್ಲ ಅವರನ್ನು ಸಿಂಬಾಹ್ ವಿಜಿ, ಅಂದರೆ ವಿಜಿ ಅಜ್ಜಿ ಎನ್ನುತ್ತದೆ.

“ನೀನೇನಾ ಸ್ಪ್ರಿಂಗಮ್ಮ?” ಎಂದು ಕೇಳಿದರು ಸಿಂಬಾಹ್. “ನೋಡಮ್ಮ, ನಿನ್ನೆ ಇವನು ನನ್ನನ್ನ ಸಂತೆಗೆ ಕರ್ಕೊಂಡು ಹೋದ. ಮೊದಲನೇ ಹಂಪಿಗೆ ನಾಲಿಗೆ ಕಚ್ಕೊಂಡೆ. ಎರಡನೇದಕ್ಕೆ ತಲೆ ಮೇಲೆ ಬಡೀತು. ಮೂರನೇದು ಬರೋ ಮೊದಲೇ ಇಳಿದು ನಡ್ಕೊಂಡು ಹೋದೆ. ಮದುವೆಗೆ ನಾನು ಕೋಸು ಸಾಗಿಸೋ ಪಿಕಪ್ಪಲ್ಲಿ ಬರ್ತೀನಿ ಅಂದಿದೀನಿ. ಕೋಸಿಗೆ ಇರೋ ಮರ್ಯಾದೆ ನನಗೂ ಸಿಗಲಿ.”

ಗಾಲಿಹ್ ತಲೆ ಎತ್ತಲಿಲ್ಲ. “ಅಜ್ಜಿ ಪಿಕಪ್ಪಲ್ಲಿ ಬಂದ್ರೆ ನಾನು ಯಾವ ಮುಖ ಇಟ್ಕೊಂಡು ಮದುವೆ ಆಗ್ಲಿ ಬು?” ಎಂದ, ಮೆಲ್ಲಗೆ.

ಟುಕಿಜಾನ್ ಚಕ್ರ ಬಿಚ್ಚಿದರು. ಕತ್ತರಿಸಿದ ಸ್ಪ್ರಿಂಗ್ ತನ್ನ ಗೂಡು ಬಿಟ್ಟು ಪಕ್ಕಕ್ಕೆ ಸರಿದಿತ್ತು. ಅದು ತಿಕ್ಕಿದ ಕಡೆ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಲಾಸ್ಮಿನಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. “ನೋಡು ಮಾಸ್, ಶಾಕ್ ಉದ್ದ, ಸ್ಪ್ರಿಂಗ್ ಗಿಡ್ಡ. ಚಕ್ರ ಗುಂಡಿಗೆ ಇಳಿದಾಗ ಶಾಕ್ ಪೂರ್ತಿ ಕೈ ಚಾಚತ್ತೆ. ಸ್ಪ್ರಿಂಗಿಗೆ ಅಲ್ಲೀವರೆಗೆ ಎಟುಕಲ್ಲ. ಅದು ನಡುವೆ ಸಡಿಲವಾಗಿ ನೇತಾಡ್ತಿರತ್ತೆ. ಮತ್ತೆ ಭಾರ ಬಿದ್ದಾಗ ಸರಿಯಾಗಿ ಕೂತ್ರೆ ನಿನ್ನ ಪುಣ್ಯ, ಕೂರದಿದ್ರೆ ಗೊತ್ತಲ್ಲ.”

“ಹಾಗಾದ್ರೆ ಸ್ಕ್ರೂ ಇರೋ ಶಾಕನ್ನೇ ಹಾಕಿಬಿಡಿ ಬು. ಮೈದಾನಕ್ಕೆ ಹೋಗೋವಾಗ ತಿರುಗಿಸಿ ಇಳಿಸ್ತೀನಿ, ಅಜ್ಜಿ ಕೂರೋವಾಗ ಏರಿಸ್ತೀನಿ.”

“ಒಳ್ಳೇ ಮಾಲೇ ಅದು, ಇಲ್ಲ ಅನ್ನಲ್ಲ. ಆದ್ರೆ ತಗೊಂಡೋರೆಲ್ಲ ಒಂದೇ ಸಲ ತಿರುಗಿಸೋದು, ಕೆಳಗೆ. ಆಮೇಲೆ ಕೆಸರು ಕೂತು ತುಕ್ಕು ಹಿಡಿದು ಅಲ್ಲೇ ನಿಂತ್ಕೊಳತ್ತೆ. ಏರಿಸಿದ್ರೂ ಇಳಿಸಿದ್ರೂ ಪ್ರತಿ ಸಲ ಅಲೈನ್‌ಮೆಂಟ್ ಮಾಡಿಸ್ಬೇಕು. ಮಾಡಿಸ್ತೀಯಾ? ನಿಜ ಹೇಳು.”

ಗಾಲಿಹ್ ನಿಜ ಹೇಳಿದ. ಇಲ್ಲ.

“ಬರೀ ಗಿಡ್ಡ ಸ್ಪ್ರಿಂಗ್ ಹಾಕಿ ಹಳೇ ಶಾಕ್ ಬಿಟ್ರೆ?”

“ಆರು ತಿಂಗಳು ಓಡತ್ತೆ. ಶಾಕ್ ಯಾವಾಗ್ಲೂ ಅರ್ಧ ಮಡಚಿಕೊಂಡೇ ಕೆಲಸ ಮಾಡ್ಬೇಕು, ಬಗ್ಗಿ ನಡೆಯೋ ಮನುಷ್ಯನ ಹಾಗೆ. ಬೇಗ ಸುಸ್ತಾಗತ್ತೆ. ಗಿಡ್ಡ ಸ್ಪ್ರಿಂಗಿಗೆ ಗಿಡ್ಡ ಶಾಕ್, ಎರಡೂ ಒಟ್ಟಿಗೆ. ಮುಂದೆ ನಲವತ್ತು ಮಿಲಿಮೀಟರ್ ಇಳಿಸೋಣ. ಹಿಂದೆ ಮೂವತ್ತೈದು. ಅದಕ್ಕಿಂತ ಇಳಿಸಿದ್ರೆ ಚಕ್ರ ಹಿಡಿದಿರೋ ಕೆಳಗಿನ ತೋಳು ಮೇಲ್ಮುಖ ಆಗತ್ತೆ, ತಿರುವಲ್ಲಿ ಕಾರು ನಿನ್ನ ಮಾತು ಕೇಳಲ್ಲ.”

ಅವನು ಈ ಸಲ ಹಂಪ್ ಎಣಿಸಿಕೊಂಡು ಬಂದ. ಬೈಕಿನಲ್ಲಿ ಹುಡುಗಿಯ ಊರಿಗೆ ಹೋಗಿ, ಒಂದೊಂದರ ಪಕ್ಕ ಕೋಲು ನಿಲ್ಲಿಸಿ ಗುರುತು ಹಾಕಿಕೊಂಡು. ಹದಿನಾಲ್ಕು. ಅದರಲ್ಲಿ ಮೂರು ಊರವರೇ ಸಿಮೆಂಟು ಸುರಿದು ಕಟ್ಟಿದ್ದು, ಗೋಡೆಯಂತಿವೆ ಎಂದ. ಶಾಕ್ ಬರಲು ನಾಲ್ಕು ದಿನ ಹಿಡಿಯಿತು. ಸ್ಪ್ರಿಂಗನ್ನು ಲಾಸ್ಮಿನಿ ಅಟ್ಟಣಿಗೆಯಿಂದಲೇ ಆರಿಸಿದರು. ಏಳು ಜೊತೆ ಕೆಳಗಿಳಿಸಿ, ಒಂದೊಂದನ್ನೂ ತೂಕದಡಿ ಇಟ್ಟು, ಆರನ್ನು ಮತ್ತೆ ಮೇಲಿಟ್ಟರು.

ಐದನೆಯ ದಿನ ಎಲ್ಲರನ್ನೂ ಕೂರಿಸಿ ನೋಡುವ ಸರದಿ. ಮದುವೆಯಾಗಿ ಐದು ದಿನಕ್ಕೆ ಮದುಮಗಳನ್ನು ಇದೇ ಕಾರಿನಲ್ಲಿ ಮನೆ ತುಂಬಿಸಿಕೊಳ್ಳಬೇಕು. ಆದರೆ ಮದುವೆಗೆ ಮುಂಚೆ ಅವಳು ಮನೆ ಬಿಟ್ಟು ಹೊರಬರುವಂತಿಲ್ಲ.

“ಹುಡುಗಿ ತೂಕ ಎಷ್ಟು?” ಎಂದರು ಲಾಸ್ಮಿನಿ.

“ಅಯ್ಯೋ ಬು, ಅದನ್ನ ಹೇಗೆ ಕೇಳೋದು!”

“ಬಾಯಿಂದ ಕೇಳೋದು.”

ಗಾಲಿಹ್ ಫೋನು ಹಿಡಿದು ಅಂಗಳದ ಆಚೆ ತುದಿಗೆ ಹೋದ. ಐದು ನಿಮಿಷ ಬಿಟ್ಟು ಕಿವಿ ಕೆಂಪಗೆ ಮಾಡಿಕೊಂಡು ಬಂದ. “ಐವತ್ತೆರಡಂತೆ. ಯಾಕೆ ಅಂತ ಕೇಳಿದ್ಲು. ಸ್ಪ್ರಿಂಗಿಗೆ ಅಂದೆ. ಫೋನ್ ಇಟ್ಟುಬಿಟ್ಲು.”

ಸಿಂಬಾಹ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮದುವೆ ಉಡುಗೆ ಒಡವೆಗೆಂದು ಎಂಟು ಕೇಜಿ ಸೇರಿಸಿ, ಅರವತ್ತು ಕೇಜಿ ಅಕ್ಕಿಯನ್ನು ಮದುಮಗಳ ಜಾಗದಲ್ಲಿ ಕೂರಿಸಿದ್ದಾಯಿತು. ಒಂದು ಬದಿಗೆ ಗಾಲಿಹ್, ಇನ್ನೊಂದು ಬದಿಗೆ ಸಿಂಬಾಹ್, ಮುಂದೆ ಟುಕಿಜಾನ್. ಲಾಸ್ಮಿನಿ ನಾಲ್ಕೂ ಕಡೆ ಅಳೆದು ಬರೆದುಕೊಂಡರು. ಸಿಂಬಾಹ್ ಅಕ್ಕಿ ಮೂಟೆಯ ಬೆನ್ನು ತಟ್ಟಿ, “ಹುಡುಗಿ ಮಾತು ಕಡಿಮೆ. ಸಂಸಾರ ಮಾಡ್ತಾಳೆ ಬಿಡು,” ಎಂದರು.

ಮಾರನೆಯ ಬೆಳಗಿನ ಅಳತೆಗೆ ಕಾರಿನೊಳಗೆ ಜನರ ಬದಲು ಮೂಟೆಗಳೇ ಇದ್ದವು. ಟುಕಿಜಾನ್ ಬ್ಯಾಟರಿ ಹಿಡಿದು ಕಾರಿನ ಹಿಂಭಾಗದ ಕೆಳಗೆ ಅಂಗಾತ ಮಲಗಿದ್ದರು. ಕಾರು ಪೂರಾ ಕುಗ್ಗಿದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ಒಂದು ರಬ್ಬರ್ ತುಂಡು ಅಲ್ಲಿರುತ್ತದೆ. ಭಾರ ಹೇರಿದ ಮೇಲೆ ರಬ್ಬರಿಗೂ ಅದರ ಕೆಳಗಿನ ಕಬ್ಬಿಣಕ್ಕೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಅವರು ನೋಡುತ್ತಿದ್ದರು. ಲಾಸ್ಮಿನಿ ಪೆನ್ಸಿಲು ಹಿಡಿದು ಕಾದರು.

“ಹಿಂದೆ ಹತ್ತು ಮೇಲಿರಲಿ,” ಎಂದಿತು ಕಾರಿನ ಕೆಳಗಿನ ದನಿ.

ಲಾಸ್ಮಿನಿಗೆ ತಮ್ಮ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. “ಏನಂದ್ರಿ?”

“ಹತ್ತು ಮಿಲಿಮೀಟರ್. ಇಲ್ಲಿ ಹೆಬ್ಬೆರಳಿನಷ್ಟೂ ಜಾಗ ಇಲ್ಲ. ಹದಿನಾಲ್ಕು ಹಂಪು, ಮುದುಕಿ ಬೆನ್ನು. ಮೂವತ್ತೈದು ಜಾಸ್ತಿ ಆಯ್ತು ಬೂನೆ. ಇಪ್ಪತ್ತೈದೇ ಇಳಿಸೋಣ.”

ಎಷ್ಟು ಇಳಿಸಬೇಕೆಂದು ಹತ್ತೊಂಬತ್ತು ವರ್ಷದಲ್ಲಿ ಗಂಡನ ಬಾಯಿಂದ ಬಂದ ಮೊದಲ ಅಂಕಿ ಅದು. ಲಾಸ್ಮಿನಿ ಪುಸ್ತಕದಲ್ಲಿ ಮೂವತ್ತೈದನ್ನು ಹೊಡೆದು ಇಪ್ಪತ್ತೈದು ಬರೆದರು. ಬರೆದ ಮೇಲೆ ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬಂದರು. “ಅವತ್ತು ಸಕ್ಕರೆ ಎರಡು ಸಲ ಹಾಕಿದ್ದೆ,” ಎಂದು ಈಗ ಹೇಳುತ್ತಾರೆ. “ಅವರು ಸದ್ದಿಲ್ದೆ ಕುಡಿದ್ರು.”

ಸ್ಪ್ರಿಂಗಿನ ತಳಕ್ಕೆ ಹತ್ತು ಮಿಲಿಮೀಟರಿನ ಬಿಲ್ಲೆ ಕೊಟ್ಟು ಹಿಂಭಾಗ ಏರಿಸಿದ್ದನ್ನು ನೋಡಿ ಗಾಲಿಹ್ ಮುಖ ಸಣ್ಣದು ಮಾಡಿದ. ಬೆರಳು ತೂರಿಸಿ ನೋಡಿದ. “ಹಿಂದೆ ಮೂರು ಬೆರಳು ಹೋಗ್ತಾ ಇದೆಯಲ್ಲ ಬು. ಕ್ಲಬ್ ಹುಡುಗ್ರು ಅಜ್ಜಿ ಎತ್ತರ ಅಂತ ಆಡ್ಕೋತಾರೆ.”

“ಖಾಲಿ ಇದ್ದಾಗ ಮೂರು. ನಿನ್ನ ಹೆಂಡ್ತಿ, ನಿನ್ನ ಅಜ್ಜಿ ಕೂತ ಮೇಲೆ ಎರಡೇ. ಅವರ ಕಾರು ಖಾಲಿ ನಿಂತಾಗ ಚೆಂದ ಮಾಸ್. ನಿನ್ನದು ಮನೆಯವರು ಕೂತ ಮೇಲೆ ಚೆಂದ. ಯಾವುದು ಬೇಕು ನೋಡ್ಕೋ. ಬಿಲ್ಲೆ ತೆಗೆಯೋಕೆ ಅರ್ಧ ಗಂಟೆ ಸಾಕು.”

ಗಾಲಿಹ್ ಕಾರಿನ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಟುಕಿಜಾನ್ ಪಾನಾ ಒರೆಸುತ್ತ, ಅವನ ಮುಖ ನೋಡದೆ ನಿಂತಿದ್ದರು. ಕೊನೆಗೆ ಹುಡುಗ ಕೀ ತೆಗೆದುಕೊಂಡು, “ಇರ್ಲಿ ಪಾಕ್. ಹೀಗೇ ಇರ್ಲಿ,” ಎಂದ.

ಮದುವೆಗೆ ಗಂಡ ಹೆಂಡತಿ ಇಬ್ಬರಿಗೂ ಕರೆ ಬಂದಿತ್ತು. ಬೈಕಿನಲ್ಲಿ ದಿಬ್ಬಣಕ್ಕಿಂತ ಮುಂಚೆಯೇ ಹೋಗಿ, ತೆಂಗಿನ ಎಳೆಗರಿಯ ತೋರಣದ ಪಕ್ಕ ನಿಂತರು. ಹೆಣ್ಣಿನ ಮನೆಗಿಂತ ಐವತ್ತು ಮಾರು ಕೆಳಗೆ ಹದಿನಾಲ್ಕನೆಯ ಹಂಪು, ಊರವರು ಕಟ್ಟಿದ್ದು. ಲಾಸ್ಮಿನಿಯ ಕಣ್ಣು ಅಲ್ಲೇ ನೆಟ್ಟಿತ್ತು. ಬಿಳಿ ಕಾರು ಮಲ್ಲಿಗೆ ಸರ ತೊಟ್ಟು ನಿಧಾನ ಬಂತು. ಮುಂದಿನ ಚಕ್ರ ಹತ್ತಿ ಇಳಿಯಿತು. ಹಿಂದಿನ ಚಕ್ರ ಹತ್ತಿತು, ಕುಗ್ಗಿತು, ತಡೆಯಿತು, ಇಳಿಯಿತು. ಕಬ್ಬಿಣದ ಸದ್ದಿಲ್ಲ, ನೆಲ ಗೀರಿದ ಸದ್ದಿಲ್ಲ. ಪಕ್ಕದಲ್ಲಿ ನಿಂತಿದ್ದ ಟುಕಿಜಾನ್ ಹಿಡಿದಿದ್ದ ಉಸಿರು ಬಿಟ್ಟದ್ದು ಮಾತ್ರ ಕೇಳಿಸಿತು.

ಎರಡನೆಯ ಕಾರು, ಕ್ಲಬ್ಬಿನ ಹಳದಿ ಕಾರು, ಅದೇ ಹಂಪಿನ ಮೇಲೆ ಹೊಟ್ಟೆ ಕೊಟ್ಟು ಕೂತುಬಿಟ್ಟಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಹೊಸ ಬಾಟಿಕ್ ಅಂಗಿ ತೊಟ್ಟ ಐದು ಜನ ಇಳಿದು ನೂಕಿದರು. ಉಳಿದ ಹದಿನಾಲ್ಕು ಕಾರುಗಳವರು ಕೆಳಗೇ ನಿಲ್ಲಿಸಿ ನಡೆದುಕೊಂಡು ಬಂದರು.

ಬಿಳಿ ಕಾರಿನ ಹಿಂಬಾಗಿಲು ತೆರೆದು ಮದುಮಗ ಇಳಿದ. ಸಿಂಬಾಹ್ ಇಳಿಯಲಿಲ್ಲ. ಏನಾಯಿತೋ ಎಂದು ಲಾಸ್ಮಿನಿ ಓಡಿ ಹೋಗಿ ಬಗ್ಗಿ ನೋಡಿದರು. ತಲೆ ಒಂದು ಬದಿಗೆ ವಾಲಿಸಿ, ಬಾಯಿ ಅರ್ಧ ತೆರೆದು ಸಿಂಬಾಹ್ ಗಾಢ ನಿದ್ದೆಯಲ್ಲಿದ್ದರು. ಎಲೆಯಡಿಕೆ ಚೀಲ ತೊಡೆಯ ಮೇಲೆ ಹಾಗೇ ಇತ್ತು. ಮೂರನೆಯ ಹಂಪಿಗೇ ಕಣ್ಣು ಹತ್ತಿತ್ತು ಎಂದು ಗಾಲಿಹ್ ಹೇಳಿದ. ಎಬ್ಬಿಸಲು ಎರಡು ಸಲ ಕರೆಯಬೇಕಾಯಿತು. ಎದ್ದವರು ಸುತ್ತ ನೋಡಿ, “ಇಷ್ಟು ಬೇಗ ಬಂತಾ?” ಎಂದು ಬೇಸರಪಟ್ಟರು.

“ಇಷ್ಟು ವರ್ಷಕ್ಕೆ ಯಾರೂ ನನಗೆ ಅಂಥ ಮಾತು ಹೇಳಿಲ್ಲ,” ಎನ್ನುತ್ತಾರೆ ಲಾಸ್ಮಿನಿ. ಗಾಲಿಹ್ ಮದುವೆಯ ಫೋಟೋಗಳನ್ನು ತಂದುಕೊಟ್ಟಿದ್ದಾನೆ. ಕಾರು, ಹೂವು, ಮದುಮಕ್ಕಳು ಎಲ್ಲ ಇದ್ದಾರೆ. ಗ್ಯಾರೇಜಿನ ಹೆಸರು ಎಲ್ಲೂ ಇಲ್ಲ, ಗ್ಯಾರೇಜಿಗೆ ಹೆಸರೇ ಇಲ್ಲ. ಬೋರ್ಡು ಬರೆಸಬಹುದಲ್ಲ ಎಂದರೆ ಕೈ ಆಡಿಸುತ್ತಾರೆ. “ಬೋರ್ಡು ನೋಡಿ ಬರೋರು ಬೋರ್ಡು ನೋಡ್ಕೊಂಡೇ ಬೇರೆ ಕಡೆ ಹೋಗ್ತಾರೆ. ಅಜ್ಜಿ ಬೈದು ಕಳಿಸಿದೋರು ನೆಟ್ಟಗೆ ಇಲ್ಲಿಗೇ ಬರ್ತಾರೆ.”

ಆ ಮದುವೆಯ ಮೇಲೆ ಗ್ಯಾರೇಜಿನಲ್ಲಿ ಒಂದೇ ಒಂದು ಬದಲಾವಣೆ. ಹೊಸಬರು ಬಂದು ಟುಕಿಜಾನ್ ಅವರನ್ನು ಎಷ್ಟು ಇಳಿಸಬಹುದು ಎಂದು ಕೇಳಿದರೆ ಅವರು ಈಗಲೂ ಹೆಂಡತಿಯ ಕಡೆಯೇ ತೋರಿಸುತ್ತಾರೆ. ಆದರೆ ಹೆಂಡತಿ ಹೇಳಿದ ಮೇಲೆ ಒಂದು ಕ್ಷಣ ತಡೆದು, ಹೂಂ ಎನ್ನುತ್ತಾರೆ. ಕೆಲವು ಸಲ ಉಹೂಂ ಎನ್ನುತ್ತಾರೆ. ಆಗ ಇಬ್ಬರಿಗೂ ಜಗಳ. ಅಳತೆ ಪುಸ್ತಕ ಹರಡಿಕೊಂಡು, ಹುರಿದ ಸೋಯಾ ತೆಂಪೆ ತಿನ್ನುತ್ತ, ಐದು ಮಿಲಿಮೀಟರಿಗಾಗಿ ಅರ್ಧ ಗಂಟೆ.

ಬೆಳಕು ಹರಿದಿದೆ. ಬೂದು ಕಾರಿನ ಒಡೆಯ ಇನ್ನು ಒಂದು ಗಂಟೆಯಲ್ಲಿ ಬರುತ್ತಾನೆ. ಲಾಸ್ಮಿನಿ ಅಂಗಳದ ಕಲ್ಲಿನ ಮೇಲೆ ಕಾಲು ಚಾಚಿ ಕೂತು ಎರಡೂ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ಇಷ್ಟು ವರ್ಷದ ಕುಕ್ಕರಗಾಲಿನ ಫಲ. ಇನ್ನೇನು ಆಸೆ ಉಳಿದಿದೆ ಎಂಬ ಪ್ರಶ್ನೆಗೆ ಮೊದಲು ನಗುತ್ತಾರೆ, ಗಂಡನ ಕಡೆ ನೋಡುತ್ತಾರೆ, ಆಮೇಲೆ ಗ್ಯಾರೇಜಿನ ನೆಲದ ನಡುಭಾಗ ತೋರಿಸುತ್ತಾರೆ.

“ಅಲ್ಲಿ ಒಂದು ಲಿಫ್ಟ್ ಹಾಕಿಸ್ಬೇಕು. ಎರಡು ಕಂಬದ್ದು. ದೊಡ್ಡದೇನೂ ಬೇಡ. ನನ್ನ ಬದುಕೆಲ್ಲ ಊರಿನ ಕಾರುಗಳನ್ನ ಕೆಳಗಿಳಿಸಿದ್ದಾಯ್ತು. ಒಂದು ಸಲ ಒಂದು ಕಾರನ್ನ ಮೇಲೆತ್ತಿ, ಅದರ ಕೆಳಗೆ ನಾನು ನೆಟ್ಟಗೆ ನಿಂತ್ಕೊಂಡು ನನ್ನ ಕೆಲ್ಸ ನೋಡ್ಬೇಕು.”

“ಎಷ್ಟು ಎತ್ತರ ಬೇಕು ಬೂನೆ?” ಎಂದು ಟುಕಿಜಾನ್ ಟೇಪು ಎಳೆದುಕೊಂಡು ಬರುತ್ತಾರೆ. ಲಾಸ್ಮಿನಿ ಎಣ್ಣೆಗೈಯನ್ನು ಸಾರೋಂಗಿಗೆ ಒರೆಸಿಕೊಂಡು, ಎದ್ದು, ಅಳತೆಗೆ ನೆಟ್ಟಗೆ ನಿಲ್ಲುತ್ತಾರೆ.